ಸ್ಪೂಲ್ ಟೇಪ್ ರೆಕಾರ್ಡರ್ ರಿಪೇರಿ: ಇನ್ನು ಮುಂದೆ ಮೊದಲು ಟೇಪ್, ಆಮೇಲೆ ಮೆಷಿನ್

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ,

ಮಡಿಕೇರಿಯ ನಮ್ಮ ಅಂಗಡಿಗೆ ಸ್ಪೂಲ್ ಟೇಪ್ ರೆಕಾರ್ಡರ್ ತಂದುಕೊಡುವ ಎಲ್ಲರಿಗೂ ಈ ಪತ್ರ. ಕೈಲ್ ಮುಹೂರ್ತ (ಕೊಡಗಿನ ಆಯುಧಪೂಜೆಯ ಹಬ್ಬ) ಕಳೆದ ಮೇಲೆ ನಮ್ಮ ಕೆಲಸದ ಕ್ರಮ ಬದಲಾಗುತ್ತದೆ. ಮೊದಲು ನಿಮ್ಮ ಟೇಪಿನಲ್ಲಿರುವುದನ್ನು ಅಂಗಡಿಯ ಮೆಷಿನ್‌ನಲ್ಲೇ ಹಾಕಿ ಕಾಪಿ ಮಾಡಿ ಕೊಡುತ್ತೇವೆ. ನಿಮ್ಮ ಮೆಷಿನ್ ಬಿಚ್ಚುವುದು ಬೇಕಾದ ಪಾರ್ಟ್ ಕೈಗೆ ಬಂದ ಮೇಲೆ ಮಾತ್ರ. ಅಲ್ಲಿಯವರೆಗೆ ಮೆಷಿನ್ ನಿಮ್ಮ ಮನೆಯಲ್ಲೇ ಇರಲಿ. ಇನ್ನೊಂದು ಮಾತು: ಯಾರ ಮೆಷಿನ್‌ನಿಂದಲೂ ಅವರ ಒಪ್ಪಿಗೆ ಇಲ್ಲದೆ ಒಂದು ಸ್ಕ್ರೂ ಕೂಡ ತೆಗೆಯುವುದಿಲ್ಲ.

ಈ ಕೊನೆಯ ಮಾತು ಯಾಕೆ ಬಂತು ಅಂತ ಮೊದಲು ಹೇಳಿಬಿಡುತ್ತೇನೆ.

ಅಂಗಡಿಯ ಅಟ್ಟದಲ್ಲಿ ಒಂದು ಅಕಾಯ್ 4000 ಡಿಎಸ್ ಮೆಷಿನ್ ಮೂರು ವರ್ಷದಿಂದ ಕೂತಿತ್ತು. ಕೊಟ್ಟವರು ವಾಪಸ್ ಬಂದಿರಲಿಲ್ಲ, ಫೋನ್ ಹೋಗುತ್ತಿರಲಿಲ್ಲ. ಆ ಮಾಡೆಲ್‌ನಲ್ಲಿ ಸ್ಪೀಡ್ ಬದಲಿಸಬೇಕು ಅಂದರೆ ಟೇಪನ್ನು ಎಳೆಯುವ ಕ್ಯಾಪ್‌ಸ್ಟನ್ ಕಡ್ಡಿಗೆ ಒಂದು ಸಣ್ಣ ಲೋಹದ ಸ್ಲೀವ್ ತೊಡಿಸಬೇಕು. ಸ್ಲೀವ್ ಇಲ್ಲದಿದ್ದರೆ ಟೇಪ್ ಸೆಕೆಂಡಿಗೆ 9.5 ಸೆಂಟಿಮೀಟರ್ ಓಡುತ್ತದೆ, ತೊಡಿಸಿದರೆ 19. ಬೇರೆ ಊರಿನ ಇನ್ನೊಬ್ಬರು ಅದೇ ಮಾಡೆಲ್ ತಂದರು. ಅವರ ಸ್ಲೀವ್ ಕಳೆದುಹೋಗಿತ್ತು. ಅಟ್ಟದ ಮೆಷಿನ್‌ದು ತೆಗೆದು ಹಾಕಿಕೊಟ್ಟೆ. ಯಾರೂ ಬರುವುದಿಲ್ಲ ಅಂದುಕೊಂಡಿದ್ದೆ.

ಎಂಟು ತಿಂಗಳ ಮೇಲೆ ಅಟ್ಟದ ಮೆಷಿನ್ ಕೊಟ್ಟಿದ್ದವರ ಮಗಳು ಬಂದರು. ಅಪ್ಪ ತೀರಿಕೊಂಡಿದ್ದರು. ಕೈಯಲ್ಲಿ ನಾಲ್ಕು ಸ್ಪೂಲ್. ಒಂದರ ಡಬ್ಬದ ಮೇಲೆ ಪೆನ್ಸಿಲ್‌ನಲ್ಲಿ "ಹುತ್ತರಿ, ಐನ್‌ಮನೆ" ಅಂತ ಬರೆದಿತ್ತು, ಅಂದರೆ ಕುಟುಂಬದ ಮೂಲಮನೆಯ ಸುಗ್ಗಿ ಹಬ್ಬ. ಹಾಕಿದೆ. ದುಡಿ ಅನ್ನುವ ಸಣ್ಣ ಚರ್ಮವಾದ್ಯದ ಸದ್ದು ಎಲ್ಲೋ ಆಳದ ಬಾವಿಯಿಂದ ಬಂದ ಹಾಗೆ, ಹಾಡು ಎಳೆದೆಳೆದು ಬಂತು. "ಅಣ್ಣಾ, ಇದು ಅಪ್ಪನ ದನಿ ಅಲ್ಲ" ಅಂದರು. ಅಲ್ಲವೇ ಅಲ್ಲ. 19ರಲ್ಲಿ ರೆಕಾರ್ಡ್ ಮಾಡಿದ ಟೇಪ್ ಅರ್ಧ ಸ್ಪೀಡಿನಲ್ಲಿ ಓಡುತ್ತಿತ್ತು. ಸ್ಲೀವ್ ಇರಲಿಲ್ಲ. ತೆಗೆದವನು ನಾನೇ. ಅವರಿಗೆ ಆವತ್ತೇ ನಿಜ ಹೇಳಿದೆ. ತಪ್ಪು ನಮ್ಮದು, ಅದಕ್ಕೆ ಈ ಪತ್ರದಲ್ಲೂ ಕ್ಷಮೆ ಕೇಳುತ್ತೇನೆ.

ಸ್ಲೀವ್ ಹಾಕಿಸಿಕೊಂಡು ಹೋಗಿದ್ದ ಆ ಬೇರೆ ಊರಿನವರಿಂದ ಅದನ್ನು ಸ್ವಲ್ಪ ದಿನಕ್ಕೆ ಕೇಳಿ ತಂದು, ಕುಶಾಲನಗರದಲ್ಲಿ ಲೇತ್ ಕೆಲಸ ಮಾಡುವವರ ಹತ್ತಿರ ಅದರಂತೆಯೇ ಒಂದು ಮಾಡಿಸಿದೆವು. ಮೊದಲನೆಯದು ಕಣ್ಣಿಗೆ ಸರಿಯಾಗಿತ್ತು, ಹಾಡು ಮಾತ್ರ ತೊಟ್ಟಿಲು ತೂಗಿದ ಹಾಗೆ ಅಲುಗಾಡಿತು. ಸ್ಲೀವ್ ಕೂದಲಿನಷ್ಟು ವಾಲಿದರೂ ಸಾಕು, ಕಿವಿಗೆ ಗೊತ್ತಾಗುತ್ತದೆ. ಎರಡನೆಯದನ್ನು ಅವರು ಇನ್ನೂ ನಿಧಾನವಾಗಿ ಕಡೆದರು. ನಾವು ಒಂದು ಹಳೇ ಟೇಪಿನಲ್ಲಿ 571.5 ಸೆಂಟಿಮೀಟರ್ ಅಳೆದು ಎರಡು ಕಡೆ ಸೀಮೆಸುಣ್ಣದ ಗುರುತು ಹಾಕಿದೆವು. ಸ್ಪೀಡ್ ಸರಿ ಇದ್ದರೆ (19 ಅಂದದ್ದು ನಿಖರವಾಗಿ 19.05) ಆ ಎರಡು ಗುರುತು ಹೆಡ್, ಅಂದರೆ ಟೇಪಿನಿಂದ ದನಿ ಓದುವ ಭಾಗ, ದಾಟುವುದಕ್ಕೆ 30 ಸೆಕೆಂಡ್ ಬೇಕು. ಮೂರು ಸಲ ಓಡಿಸಿದೆವು, ಮೂರು ಸಲವೂ ಮೂವತ್ತಕ್ಕೇ ದಾಟಿತು. ಮರುದಿನ ಆ ಮಗಳನ್ನು ಕರೆಸಿ ಹುತ್ತರಿ ಹಾಡು ಹಾಕಿದೆವು. ಅವರು ಇಡೀ ಸ್ಪೂಲ್ ಮುಗಿಯುವವರೆಗೆ ಸ್ಟೂಲಿನಿಂದ ಏಳಲಿಲ್ಲ.

ಪಾರ್ಟ್ ಸಿಗುವುದು ಇಷ್ಟು ಕಷ್ಟ ಯಾಕೆ ಅಂತ ತುಂಬ ಜನ ಕೇಳುತ್ತೀರಿ. ನಿಮ್ಮಲ್ಲಿರುವ ಗ್ರುಂಡಿಗ್, ಫಿಲಿಪ್ಸ್, ಸೋನಿ, ಅಕಾಯ್, ಎಲ್ಲದಕ್ಕೂ ಕಂಪನಿಯ ಸ್ಪೇರ್ ನಿಂತು ದಶಕಗಳೇ ಆದವು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕಂಡೆನ್ಸರ್, ರೆಸಿಸ್ಟರ್, ಸ್ವಿಚ್ ಈಗಲೂ ಸಿಗುತ್ತದೆ. ಕರೆಂಟಿನ ಭಾಗ ಕೆಟ್ಟಿದ್ದರೆ ಅಷ್ಟು ಚಿಂತೆ ಇಲ್ಲ. ತಿರುಗುವ ಭಾಗ ಕೆಟ್ಟಾಗಲೇ ನಿಜವಾದ ಹುಡುಕಾಟ ಶುರು.

ಬೆಲ್ಟ್ ತೆಗೆದುಕೊಳ್ಳಿ. ಹಳೇ ರಬ್ಬರ್ ಕರಗಿ ಕಪ್ಪು ಅಂಟಾಗಿರುತ್ತದೆ, ಹಲಸಿನ ಮೇಣದ ಹಾಗೆ. ಮುಟ್ಟಿದರೆ ಕೈ ಬಿಡುವುದಿಲ್ಲ. ಹಲಸಿನ ಮೇಣಕ್ಕೆ ನಾವು ಕೊಬ್ಬರಿ ಎಣ್ಣೆ ಹಚ್ಚುತ್ತೇವೆ ಅಲ್ವಾ, ಇಲ್ಲಿ ಮಾತ್ರ ಎಣ್ಣೆ ಮುಟ್ಟಿಸಲೇಬಾರದು. ಒಂದು ಹನಿ ಉಳಿದರೂ ಹೊಸ ಬೆಲ್ಟ್ ಜಾರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿ ಅದ್ದಿ, ಪುಲ್ಲಿಯ ಮೇಲಿನ ಕಪ್ಪು ಪೂರ್ತಿ ಹೋಗುವವರೆಗೆ ಒರೆಸಬೇಕು. ಹೊಸದರ ಅಳತೆಗೆ ಬೆಲ್ಟ್ ಹೋಗುವ ದಾರಿಯಲ್ಲಿ ದಾರ ಸುತ್ತಿ ನೋಡಿ, ಅದಕ್ಕಿಂತ ಸ್ವಲ್ಪ ಕಮ್ಮಿ ಉದ್ದದ್ದು ತರಿಸುತ್ತೇವೆ. ಚಪ್ಪಟೆ ಬೆಲ್ಟ್ ಇದ್ದ ಕಡೆ ದುಂಡನೆಯದು ಹಾಕಿದರೆ ತಿರುಗುತ್ತದೆ ನಿಜ, ಸ್ಪೀಡ್ ನಿಲ್ಲುವುದಿಲ್ಲ. ಹೊರದೇಶದಿಂದ ತರಿಸಿದ ಬೆಲ್ಟ್ ಎರಡು ಸಲ ಹೀಗೆ ತಪ್ಪಾಗಿ ಬಂದಿದೆ. ಅಷ್ಟು ದಿನವೂ ಗ್ರಾಹಕರ ಮೆಷಿನ್ ನಮ್ಮ ಮೇಜಿನ ಮೇಲೆ ಬಿಚ್ಚಿಕೊಂಡೇ ಇತ್ತು. ಮಳೆಗಾಲದ ತೇವದಲ್ಲಿ ಬಿಚ್ಚಿದ ಮೆಷಿನ್ ಇಡುವುದು ಒಳ್ಳೆಯದಲ್ಲ.

ಟೇಪನ್ನು ಕ್ಯಾಪ್‌ಸ್ಟನ್‌ಗೆ ಒತ್ತಿ ಹಿಡಿಯುವ ರಬ್ಬರ್ ಉರುಳೆ, ಪಿಂಚ್ ರೋಲರ್, ಗಟ್ಟಿಯಾಗಿ ಹೊಳೆಯುತ್ತಿದ್ದರೆ ಟೇಪ್ ಜಾರುತ್ತದೆ, ಮೇಲೆ ಕೆಳಗೆ ಹತ್ತಿ ಇಳಿಯುತ್ತದೆ. ಅದಕ್ಕೆ ಹೊಸ ರಬ್ಬರ್ ಕೂರಿಸಿ ಲೇತ್‌ನಲ್ಲಿ ಸಮ ಮಾಡಿಸಬಹುದು. ಹೆಡ್ ಸವೆದರೆ ಕಷ್ಟ. ಟೇಪ್ ಉಜ್ಜಿ ಉಜ್ಜಿ ಹೆಡ್ಡಿನಲ್ಲಿ ಗೀರು ಬಿದ್ದಿರುತ್ತದೆ, ಉಗುರು ಆಡಿಸಿದರೆ ಸಿಗುತ್ತದೆ. ಸ್ವಲ್ಪ ಸವೆದಿದ್ದರೆ ತಿಕ್ಕಿ ಸಮ ಮಾಡಬಹುದು. ಜಾಸ್ತಿ ಸವೆದಿದ್ದರೆ ಅದೇ ಮಾಡೆಲ್‌ನ ಇನ್ನೊಂದು ಮೆಷಿನ್ ಸಿಗಬೇಕು, ಬೇರೆ ದಾರಿ ಇಲ್ಲ.

ಅಮೆರಿಕದಿಂದ ತಂದ ಮೆಷಿನ್ ಇರುವವರು ಇದನ್ನು ಗಮನಿಸಿ. 110 ವೋಲ್ಟ್‌ಗೆ ಟ್ರಾನ್ಸ್‌ಫಾರ್ಮರ್ ಹಾಕಿದರೆ ಮೆಷಿನ್ ಸುಡುವುದಿಲ್ಲ, ಅಷ್ಟೇ. ಅಲ್ಲಿಯ ಕರೆಂಟ್ 60 ಹರ್ಟ್ಸ್, ನಮ್ಮದು 50. ಮೋಟಾರ್ ಎಸಿಯದಾಗಿದ್ದರೆ ಆರರಲ್ಲಿ ಐದು ಪಾಲು ಸ್ಪೀಡಿನಲ್ಲಿ ಓಡುತ್ತದೆ. ಎಲ್ಲರ ದನಿಯೂ ದಪ್ಪಗಾಗುತ್ತದೆ. ಮೋಟಾರಿನ ಪುಲ್ಲಿ ಬದಲಿಸದೆ ಇದು ಸರಿ ಹೋಗುವುದಿಲ್ಲ. ಕೆಲವು ಮೆಷಿನ್‌ಗಳಲ್ಲಿ 50ಕ್ಕೆ ಬೇಕಾದ ಪುಲ್ಲಿ ಒಳಗೇ ಇರುತ್ತದೆ, ನಾವು ನೋಡಿ ಹೇಳುತ್ತೇವೆ. ಇಲ್ಲದಿದ್ದರೆ ಮಾಡಿಸಬೇಕು, ಅದಕ್ಕೆ ಸಮಯ ಹಿಡಿಯುತ್ತದೆ.

ಹೀಗಾಗಿ ಒಂದು ಕೆಟ್ಟ ಮೆಷಿನ್ ಇನ್ನೊಂದಕ್ಕೆ ಜೀವ ಕೊಡುವುದು ನಮ್ಮ ಕೆಲಸದಲ್ಲಿ ಇದ್ದೇ ಇದೆ. 2018ರ ಆಗಸ್ಟ್ ಮಳೆಯಲ್ಲಿ ಕೆಸರು ತುಂಬಿದ ಎರಡು ಮೆಷಿನ್‌ಗಳನ್ನು ಅವುಗಳ ಮನೆಯವರೇ ತಂದು, ಯಾರಿಗಾದರೂ ಆಗಲಿ ಅಂತ ಕೊಟ್ಟರು. ಅವುಗಳ ಮೋಟಾರು, ಬ್ರೇಕ್, ಗುಂಡಿಗಳು ಇವತ್ತು ಐದು ಮನೆಯಲ್ಲಿ ತಿರುಗುತ್ತಿವೆ. ನಿಮ್ಮ ಮನೆಯಲ್ಲೂ ಓಡದ ಮೆಷಿನ್ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ, ನಮಗೆ ಹೇಳಿ. ರಿಪೇರಿ ಆಗುವಂಥದ್ದಾದರೆ ಬಿಚ್ಚುವುದಿಲ್ಲ. ಬಿಚ್ಚುವುದೇ ಆದರೆ ನಿಮ್ಮ ಒಪ್ಪಿಗೆ ಬರಹದಲ್ಲಿ ತೆಗೆದುಕೊಂಡು, ಯಾವ ಪಾರ್ಟ್ ಯಾರಿಗೆ ಹೋಯಿತು ಅಂತ ಪುಸ್ತಕದಲ್ಲಿ ಬರೆದಿಡುತ್ತೇವೆ. ಅಟ್ಟದಲ್ಲಿ ವಾರಸುದಾರರು ಬಾರದ ಏಳು ಮೆಷಿನ್ ಇವೆ. ಅವನ್ನೂ ಇನ್ನು ಮುಟ್ಟುವುದಿಲ್ಲ.

ಟೇಪ್ ಮೊದಲು ಅಂದಿದ್ದಕ್ಕೆ ಕಾರಣ ಸುಲಭ. ಪಾರ್ಟಿಗೆ ಒಂದು ವರ್ಷ ಕಾಯಬಹುದು. ಟೇಪು ಕಾಯುವುದಿಲ್ಲ, ಅದೂ ನಮ್ಮ ಕೊಡಗಿನ ಮಳೆಯಲ್ಲಿ. ಬಿಳಿ ಪುಡಿಯ ಹಾಗೆ ಬೂಷ್ಟು ಹಿಡಿಯುತ್ತದೆ. ಎಪ್ಪತ್ತರ ದಶಕದಿಂದ ಈಚಿನ ಕೆಲವು ಟೇಪುಗಳಲ್ಲಿ ಲೇಪದ ಅಂಟು ತೇವ ಹೀರಿ ಮೆತ್ತಗಾಗಿ, ಓಡಿಸಿದರೆ ಕಿರ್ರೆಂದು ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಅವುಗಳನ್ನು ಅಳತೆಯ ಬಿಸಿಯಲ್ಲಿ ಗಂಟೆಗಟ್ಟಲೆ ಒಣಗಿಸಿದರೆ ಸ್ವಲ್ಪ ದಿನ ಓಡುತ್ತವೆ, ಅಷ್ಟರಲ್ಲಿ ಕಾಪಿ ಮಾಡಿಕೊಳ್ಳಬೇಕು. ಇನ್ನೂ ಹಳೆಯ, ಅಸಿಟೇಟ್ ಅನ್ನುವ ಪ್ಲಾಸ್ಟಿಕ್ಕಿನ ಟೇಪನ್ನು ಬಿಸಿ ಮಾಡಲೇಬಾರದು. ಸ್ಪೂಲನ್ನು ಬೆಳಕಿಗೆ ಹಿಡಿದಾಗ ಟೇಪಿನ ಸುತ್ತುಗಳ ಮೂಲಕ ಬೆಳಕು ಕಂಡರೆ ಅದು ಅಸಿಟೇಟ್. ಡಬ್ಬ ತೆರೆದಾಗ ಕಾಚಂಪುಳಿ ಬಾಟಲಿಯ ಮುಚ್ಚಳ ತೆಗೆದ ಹಾಗೆ ಹುಳಿ ವಾಸನೆ ಬಂದರೆ ಒಂದು ದಿನವೂ ತಡ ಮಾಡಬೇಡಿ. ಒಲೆಯ ಮೇಲಿನ ಅಟ್ಟದಲ್ಲಿ ಅಥವಾ ಬಿಸಿಲಲ್ಲಿ ಯಾವ ಟೇಪನ್ನೂ ಒಣಗಿಸಬೇಡಿ. ಕೆಲಸ ಮಾಡುತ್ತದೋ ನೋಡೋಣ ಅಂತ ಸುಮ್ನೆ ಒಂದು ಸಲ ಓಡಿಸುವುದೂ ಬೇಡ.

ಕಾಪಿಗೆ ಟೇಪ್ ಎಷ್ಟು ಹೊತ್ತು ಓಡುತ್ತದೋ ಅಷ್ಟು ಹೊತ್ತು ಬೇಕೇ ಬೇಕು. 7 ಇಂಚಿನ ಸ್ಪೂಲಿನಲ್ಲಿ 1200 ಅಡಿ ಟೇಪ್ ಇದ್ದರೆ, 9.5ರ ಸ್ಪೀಡಿನಲ್ಲಿ ಒಂದು ಕಡೆಗೇ 64 ನಿಮಿಷ. ಒರೆಸುವುದು, ಹರಿದಲ್ಲಿ ಅಂಟಿಸುವುದು ಬೇರೆ. ದಿನಕ್ಕೆ ಮೂರು ಸ್ಪೂಲಿಗಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ. ದರ ಮೊದಲಿನದೇ. ಪಾರ್ಟಿಗೆ ಇನ್ನು ಅಡ್ವಾನ್ಸ್ ಕೇಳುವುದಿಲ್ಲ, ಬಂದ ಮೇಲೆ ಅದರ ಬಿಲ್ ತೋರಿಸಿ ತೆಗೆದುಕೊಳ್ಳುತ್ತೇವೆ.

ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ ಕಡೆಯವರು ಭಾರದ ಮೆಷಿನ್ ಹೊತ್ತು ಬರುವ ಮೊದಲು ಅದರ ಹಿಂದಿನ ತಗಡಿನ ಫೋಟೋ ಕಳಿಸಿ. ಮಾಡೆಲ್, ವೋಲ್ಟ್, ಹರ್ಟ್ಸ್ ಮೂರೂ ಅಲ್ಲೇ ಬರೆದಿರುತ್ತದೆ. ಈಗಾಗಲೇ ನಮ್ಮಲ್ಲಿ ಬಿಚ್ಚಿಟ್ಟಿರುವ ನಾಲ್ಕು ಮೆಷಿನ್‌ಗಳ ಮನೆಯವರಿಗೆ ನಾವೇ ಫೋನ್ ಮಾಡುತ್ತೇವೆ. ಜೋಡಿಸಿ ವಾಪಸ್ ಕೊಡಬೇಕೋ, ಇಲ್ಲೇ ಇರಲೋ, ಅವರು ಹೇಳಿದ ಹಾಗೆ.

ಕುಶಾಲನಗರದವರು ಆಮೇಲೆ ಇನ್ನೂ ಎರಡು ಸ್ಲೀವ್ ಕಡೆದು ಕೊಟ್ಟಿದ್ದಾರೆ. ಎರಡನ್ನೂ 30 ಸೆಕೆಂಡಿನ ಲೆಕ್ಕ ಹಿಡಿದು ನೋಡಿದ್ದೇವೆ. ನಿಮ್ಮ 4000 ಡಿಎಸ್‌ನ ಸ್ಲೀವ್ ಕಳೆದಿದ್ದರೆ ಮೊದಲು ಮನೆಯ ಹೊಲಿಗೆ ಡಬ್ಬ, ಗುಂಡಿ ಡಬ್ಬ ಹುಡುಕಿ. ಸಿಗದಿದ್ದರೆ ಬನ್ನಿ, ಒಂದು ನಿಮಗೆ.

ನಿಮ್ಮ
ಟೇಪ್ ರೆಕಾರ್ಡರ್ ರಿಪೇರಿ ಅಂಗಡಿಯವರು
ಮಡಿಕೇರಿ