ಮೊಟ್ಟೆ ಕೇಳಿದರೆ ಕೋಳಿ ಬಂತು

ಬ್ಯಾಂಕಾಕ್
ಸಿಂಹಾಗಮ ಮಾಸ, 2568

ಅಪ್ಪನಿಗೆ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ನಿಮ್ಮ ಮಂಡಿನೋವು ಈಗ ಹೇಗಿದೆ? ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಇಲ್ಲಿ ಬುದ್ಧನ ಶಕೆ, ನಮ್ಮ ಇಸವಿಗಿಂತ 543 ವರ್ಷ ಮುಂದೆ. ತಿಂಗಳಿಗೆಲ್ಲ ರಾಶಿಯ ಹೆಸರು. ಆಗಸ್ಟಿಗೆ ‘ಸಿಂಗ್‌ಹಾಖೋಮ್’ ಅಂತಾರೆ, ಬರೆಯುವಾಗ ಸಿಂಹ ಮತ್ತು ಆಗಮ. ಮೂವತ್ತೊಂದು ದಿನದ ತಿಂಗಳಿಗೆಲ್ಲ ಕೊನೆಗೆ ಆಗಮ, ಮೂವತ್ತು ದಿನದ್ದಕ್ಕೆ ಆಯನ. ನಮ್ಮ ಹಾಗೆ ಮುಷ್ಟಿ ಹಿಡಿದು ಗೆಣ್ಣು ಎಣಿಸಬೇಕಾಗಿಲ್ಲ.

ಹೋದ ವಾರ ಫೋನಿನಲ್ಲಿ ‘ಅಲ್ಲಿನ ಥಾಯ್ ಭಾಷೆ ಕಲಿಯೋಕೆ ಪುಸ್ತಕ ಸಿಕ್ತೇನೋ?’ ಅಂತ ಕೇಳಿದಿರಿ. ಆಫೀಸಿಗೆ ಹೊತ್ತಾಗಿತ್ತು, ‘ಹ್ಞೂಂ ಸಿಕ್ತು’ ಅಂದು ಇಟ್ಟುಬಿಟ್ಟೆ. ಪುಸ್ತಕ ಸಿಕ್ಕಿದ್ದು ನಿಜ. ಆದರೆ ಅದರಿಂದ ಒಂದು ಫಜೀತಿಯೂ ಆಯ್ತು. ಅದನ್ನು ಹೇಳೋಕೇ ಈ ಕಾಗದ. ಮುಂದಿನ ಒಂದು ಪ್ಯಾರಾ ಅಮ್ಮನಿಗೆ ಓದಿ ಹೇಳಬೇಡಿ.

ನಾನು ಮೊಟ್ಟೆ ತಿನ್ನೋದು ನಿಮಗೆ ಗೊತ್ತೇ ಇದೆ. ಬಂದ ಎರಡನೇ ವಾರ ನಮ್ಮ ಬೀದಿಯ ತುದಿಯ ಅಂಗಡಿಗೆ ಹೋದೆ. ಒಬ್ಬ ಅಜ್ಜಿ, ಒಂದು ಒಲೆ, ನಾಲ್ಕು ಸ್ಟೂಲು. ಅನ್ನ ಹುರಿದು ಕೊಡೋದಕ್ಕೆ ‘ಖಾವ್ ಫಟ್’ ಅಂತಾರೆ. ಮೊಟ್ಟೆಗೆ ಏನಂತಾರೆ ಅಂತ ಪುಸ್ತಕ ತೆಗೆದು ನೋಡಿದೆ. ಇಂಗ್ಲಿಷ್ ಅಕ್ಷರದಲ್ಲಿ ಕೆ, ಎ, ಐ ಅಂತ ಇತ್ತು. ಧೈರ್ಯವಾಗಿ ‘ಖಾವ್ ಫಟ್ ಕೈ’ ಅಂದೆ. ಬಿಸಿಬಿಸಿ ತಟ್ಟೆ ಬಂತು. ನೋಡಿದರೆ ಅನ್ನದ ತುಂಬ ಕೋಳಿ ಚೂರು! ನಾನು ಪೆಚ್ಚಾಗಿ ಕೂತಿದ್ದು ನೋಡಿ ಅಜ್ಜಿಗೇ ಅರ್ಥವಾಯ್ತು. ಕೊಕ್ಕೆಗೆ ನೇತುಹಾಕಿದ್ದ ಕೋಳಿ ತೋರಿಸಿ ‘ಕೈ’ ಅಂದರು. ಮೊಟ್ಟೆಯ ಟ್ರೇ ತೋರಿಸಿ ‘ಖೈ’ ಅಂದರು. ಆ ಎರಡನೆಯದಕ್ಕೆ ಬಾಯಿಂದ ಬಂದ ಗಾಳಿ ನನ್ನ ಮುಖಕ್ಕೇ ತಾಗಿತು.

ಅಪ್ಪ, ಆಗ ನೀವು ನೆನಪಾದಿರಿ. ಎರಡನೇ ಕ್ಲಾಸಿನಲ್ಲಿ ನನ್ನ ತುಟಿಯ ಮುಂದೆ ಕಾಗದದ ಚೂರು ಹಿಡಿದು, ‘ಕ ಅಂದ್ರೆ ಅಲುಗಬಾರದು, ಖ ಅಂದ್ರೆ ಅಲುಗಬೇಕು’ ಅಂತಿದ್ರಿ. ‘ನಿನ್ನ ಹೆಸರು ರಗು ಅಲ್ಲ ಕಣೋ, ರಘು’ ಅಂತ ಎಷ್ಟು ಸಲ ಬೈದಿದ್ದೀರಿ. ಅವತ್ತು ರಾತ್ರಿ ರೂಮಿನಲ್ಲಿ ಅಂಗಡಿ ಬಿಲ್ಲು ಹಿಡ್ಕೊಂಡು ಕನ್ನಡಿ ಮುಂದೆ ಕೈ, ಖೈ, ಕೈ, ಖೈ ಅಂತ ಹೇಳಿದ್ದೇ ಹೇಳಿದ್ದು. ಪಕ್ಕದ ರೂಮಿನವರು ಏನಂದುಕೊಂಡರೋ.

ತಪ್ಪು ಪುಸ್ತಕದ್ದಲ್ಲ, ಓದಿದವನದು. ಇಂಗ್ಲಿಷಿನವರ ಬಾಯಲ್ಲಿ ಪದದ ಮೊದಲು ಬರುವ ‘ಕ’ಗೆ ತಾನಾಗೇ ಸ್ವಲ್ಪ ಉಸಿರು ಸೇರುತ್ತೆ. ಹಾಗಾಗಿ ಕೆಲವು ಪುಸ್ತಕಗಳು ಮೊಟ್ಟೆಗೆ ಬರೀ ಕೆ ಹಾಕಿ, ಕೋಳಿಗೆ ಜಿ ಹಾಕುತ್ತವೆ. ಇಲ್ಲಿಯ ಸರ್ಕಾರಿ ಪದ್ಧತಿಯಲ್ಲಿ ಕೋಳಿಗೆ ಕೆ, ಮೊಟ್ಟೆಗೆ ಕೆ ಮತ್ತು ಎಚ್. ಅಂದರೆ ಕೆ, ಎ, ಐ ಅಂತ ಒಂದು ಪುಸ್ತಕ ಬರೆದರೆ ಮೊಟ್ಟೆ, ಬೋರ್ಡಿನ ಮೇಲೆ ಬರೆದಿದ್ದರೆ ಕೋಳಿ. ಎರಡನ್ನೂ ಒಟ್ಟಿಗೆ ಓದಿದವನು ಕೆಟ್ಟ.

ಮಾರನೇ ದಿನವೇ ಸ್ಟೇಷನರಿ ಅಂಗಡಿಗೆ ಹೋಗಿ ಮಕ್ಕಳ ಅಕ್ಷರಮಾಲೆಯ ಚಾರ್ಟ್ ತಂದು ಗೋಡೆಗೆ ಅಂಟಿಸಿದೆ. ನಮ್ಮಲ್ಲಿ ‘ಅ ಅರಸ’ ಅನ್ನೋ ಹಾಗೆ ಇವರಿಗೂ ಒಂದೊಂದು ಅಕ್ಷರಕ್ಕೆ ಒಂದೊಂದು ಚಿತ್ರ. ಮೊದಲನೇದು ಯಾವುದು ಗೊತ್ತಾ? ‘ಕ’, ಕೋಳಿ. ಎರಡನೇದು ‘ಖ’, ಮೊಟ್ಟೆ! ಕೋಳಿ ಮೊದಲೋ ಮೊಟ್ಟೆ ಮೊದಲೋ ಅನ್ನೋ ಜಗಳವನ್ನು ಇವರು ಒಂದನೇ ಕ್ಲಾಸಿನಲ್ಲೇ ಮುಗಿಸಿಬಿಟ್ಟಿದ್ದಾರೆ.

ವ್ಯಂಜನ ಒಟ್ಟು 44. ಅದರಲ್ಲಿ ಎರಡನ್ನು ಈಗ ಯಾರೂ ಬರೆಯೋದಿಲ್ಲ. ಚಾರ್ಟಿನ ಮುಂದೆ ಸುಮ್ನೆ ನಿಂತು ನೋಡ್ತಾ ಇದ್ದೆ, ತಟ್ಟನೆ ಹೊಳೆಯಿತು. ಇದು ನಮ್ಮದೇ ಕ ಖ ಗ ಘ ಙ! ನಡುವೆ ಒಂದೆರಡು ಹೊಸ ಅಕ್ಷರ ತೂರಿಕೊಂಡಿವೆ ಅಷ್ಟೇ. ಆಮೇಲೆ ಚ, ಟ, ತ, ಪ, ಯ ರ ಲ ವ, ಶ ಷ ಸ ಹ, ಕೊನೆಗೆ ನಮ್ಮ ಳ ಕೂಡ ಇದೆ. ಇವರ ಲಿಪಿ ಕಾಂಬೋಡಿಯಾದ ಖ್ಮೇರ್ ಲಿಪಿಯಿಂದ ಬಂದದ್ದು, ಅದು ನಮ್ಮ ದಕ್ಷಿಣದ ಪಲ್ಲವರ ಲಿಪಿಯಿಂದ. ನಮ್ಮ ಕದಂಬ ಲಿಪಿಗೂ ಇದಕ್ಕೂ ಬೇರು ಒಂದೇ, ಬ್ರಾಹ್ಮಿ.

ನಿಮಗೆ ಇಷ್ಟವಾಗುವ ವಿಷಯ ಇನ್ನು ಮುಂದಿದೆ. ಇಲ್ಲಿ ಐದು ಸ್ವರದ ಏರಿಳಿತ ಇವೆ. ‘ಮಾ’ ಅಂತ ಸಮವಾಗಿ ಅಂದರೆ ಬಾ, ದನಿ ಎತ್ತರಿಸಿದರೆ ಕುದುರೆ, ಕೆಳಗಿಂದ ಎಳೆದು ಮೇಲೇರಿಸಿದರೆ ನಾಯಿ. ಬರೆದದ್ದನ್ನು ಯಾವ ದನಿಯಲ್ಲಿ ಓದಬೇಕು ಅಂತ ತಿಳಿಯೋಕೆ ಅಕ್ಷರಗಳನ್ನು ಮೂರು ಗುಂಪು ಮಾಡಿದ್ದಾರೆ: ನಡು, ಮೇಲು, ಕೆಳಗು. ಇಂಗ್ಲಿಷಿನಲ್ಲಿ ಕಲಿಸುವವರು ಈ ಪಟ್ಟಿಯನ್ನು ಬಾಯಿಪಾಠ ಮಾಡಿ ಅಂತಾರೆ. ನನ್ನ ಜೊತೆ ಕೆಲಸ ಮಾಡುವ ಡಚ್ ಹುಡುಗ ಎರಡು ತಿಂಗಳಿಂದ ಚೀಟಿ ಮಾಡ್ಕೊಂಡು ಉರು ಹೊಡೀತಾ ಇದ್ದಾನೆ. ನಮಗೆ ಅದು ಬೇಕಾಗಿಲ್ಲ ಅಪ್ಪ. ವರ್ಗದ ಮೊದಲನೇ ಸಾಲು, ಅಂದರೆ ಕ ಚ ಟ ತ ಪ, ನಡು ಗುಂಪು. ಎರಡನೇ ಸಾಲು, ಖ ಛ ಠ ಥ ಫ, ಮೇಲು. ಶ ಷ ಸ ಹ ಕೂಡ ಅಲ್ಲೇ. ಗ, ಘ, ಙ ಸಾಲುಗಳು ಕೆಳಗು, ಯ ರ ಲ ವ ಅವುಗಳ ಜೊತೆ. ಹೊಸದಾಗಿ ಸೇರಿಸಿದ ಕೆಲವು ಅಕ್ಷರಗಳನ್ನು ಮಾತ್ರ ಬೇರೆಯಾಗಿ ನೆನಪಿಟ್ಟರೆ ಸಾಕು. ನೀವು ಬೆತ್ತ ಹಿಡಿದು ಕಲಿಸಿದ ವರ್ಗಾಕ್ಷರ ಮೂವತ್ತು ವರ್ಷದ ಮೇಲೆ ಬ್ಯಾಂಕಾಕಿನಲ್ಲಿ ಕೆಲಸಕ್ಕೆ ಬಂತು! ದನಿಯ ಗುರುತುಗಳ ಹೆಸರು ಕೇಳಿ: ಎಕ್, ಥೋ, ತ್ರೀ, ಚಟ್ಟವಾ. ಏಕ, ದ್ವಿ, ತ್ರಿ, ಚತುರ್ ಅಷ್ಟೇ ಅಲ್ವಾ?

ಬರೆಯೋದು ಒಂದು, ಓದೋದು ಇನ್ನೊಂದು. ಗ ಮತ್ತು ಘ ಎರಡೂ ಇವರ ಬಾಯಲ್ಲಿ ಖ ಆಗಿವೆ, ಶ ಷ ಎರಡೂ ಸ. ಹಾಗಾಗಿ ಗುರು ‘ಖ್ರೂ’ ಆಗ್ತಾನೆ. ‘ಫಾಸಾ’ ಅಂತ ಕೇಳಿದಾಗ ತಲೆಬುಡ ತಿಳಿಯೋದಿಲ್ಲ, ಬರೆದದ್ದು ನೋಡಿದರೆ ಅಕ್ಷರಕ್ಕೆ ಅಕ್ಷರ ‘ಭಾಷಾ’. ಗಾಡಿಗೆ ‘ರೊಟ್’, ಬರೆಯೋದು ರಥ. ದೂರ ಶಬ್ದ ಸೇರಿ ‘ಥೋರಸಪ್’, ಅಂದರೆ ಟೆಲಿಫೋನು. ಅದಕ್ಕೇ ನಮ್ಮವರು ಯಾರೇ ಕೇಳಿದರೂ ಮೊದಲು ಲಿಪಿ ಕಲಿಯಿರಿ ಅಂತೀನಿ. ಇಂಗ್ಲಿಷ್ ಅಕ್ಷರದಲ್ಲಿ ಓದಿದರೆ ಇದೊಂದೂ ಕಾಣೋದಿಲ್ಲ.

ಇನ್ನು ಪುಸ್ತಕ. ಸಿಯಾಮ್ ಪ್ಯಾರಗಾನ್ ಅನ್ನೋ ದೊಡ್ಡ ಮಾಲಿನಲ್ಲಿ ಕಿನೊಕುನಿಯಾ ಅಂಗಡಿ ಇದೆ, ಒಳಗೆ ಹೋದರೆ ಅರ್ಧ ದಿನ ಹೋಯ್ತು. ಬೆಂಜವನ್ ಪೂಮ್ಸನ್ ಬೆಕರ್ ಅವರ ‘ಥಾಯ್ ಫಾರ್ ಬಿಗಿನರ್ಸ್’ ತಗೊಂಡೆ. ಮಾತಿನ ಜೊತೆಗೇ ಲಿಪಿಯನ್ನೂ ಸ್ವಲ್ಪ ಸ್ವಲ್ಪ ಕಲಿಸ್ತಾರೆ. ಅದರಲ್ಲಿನ ಇಂಗ್ಲಿಷ್ ಉಚ್ಚಾರವನ್ನೆಲ್ಲ ಪೆನ್ಸಿಲಿನಲ್ಲಿ ಹೊಡೆದು ಮೇಲೆ ಕನ್ನಡದಲ್ಲಿ ಬರೆದುಕೊಂಡಿದ್ದೇನೆ. ವ್ಯಾಕರಣಕ್ಕೆ ಡೇವಿಡ್ ಸ್ಮಿತ್ ಅವರದು ಚೆನ್ನಾಗಿದೆ, ನೀವು ಓದಿದರೆ ಖುಷಿಪಡುತ್ತೀರಿ. ಮೇರಿ ಹಾಸ್ ಅವರ 1964ರ ನಿಘಂಟು ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕ್ತಾ ಇದ್ದೇನೆ, ಇನ್ನೂ ಸಿಕ್ಕಿಲ್ಲ.

ಮೊಬೈಲಿನಲ್ಲಿ ಬೇಕಾದಷ್ಟಿದೆ. ಜಾಸ್ತಿಯೇ ಇದೆ. ನಾನು ದಿನಾ ತೆಗೆಯೋದು ಎರಡೇ. ಒಂದು ಥಾಯ್ ಲಾಂಗ್ವೇಜ್ ಡಾಟ್ ಕಾಮ್ ಅನ್ನೋ ನಿಘಂಟು, ಎಷ್ಟೋ ಪದಗಳನ್ನು ಒತ್ತಿದರೆ ದನಿ ಕೇಳಿಸುತ್ತೆ. ಇನ್ನೊಂದು ಯೂಟ್ಯೂಬಿನ ‘ಕಾಂಪ್ರಿಹೆನ್ಸಿಬಲ್ ಥಾಯ್’. ಮೇಡಮ್ಮುಗಳು ಚಿತ್ರ ಬರೆದು, ಕೈಕಾಲು ಆಡಿಸಿ, ಥಾಯ್ ಒಂದರಲ್ಲೇ ಕಥೆ ಹೇಳ್ತಾರೆ. ಜೆ. ಮಾರ್ವಿನ್ ಬ್ರೌನ್ ಅನ್ನೋ ಅಮೆರಿಕದ ಭಾಷಾ ಪಂಡಿತರು 1984ರಲ್ಲಿ ಇಲ್ಲೇ ಬ್ಯಾಂಕಾಕಿನಲ್ಲಿ ಶುರು ಮಾಡಿದ ಕ್ರಮ ಅದು. ಕೂಸಿನ ಹಾಗೆ ಮೊದಲು ಬರೀ ಕೇಳಬೇಕು, ತಿಂಗಳುಗಟ್ಟಲೆ ಬಾಯಿ ಬಿಡಬಾರದು ಅಂತ ಅವರ ವಾದ. ಕಿವಿಗೆ ಒಳ್ಳೆಯದು, ಒಪ್ಪಿದೆ. ಆದರೆ ಕೂಸಿಗೆ ಊಟ ಹಾಕೋಕೆ ಅಮ್ಮ ಇರ್ತಾಳೆ. ನಾನು ಅಜ್ಜಿ ಅಂಗಡಿಯಲ್ಲಿ ಬಾಯಿ ಬಿಡಲೇಬೇಕಲ್ಲ?

ದನಿ ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಪ್ರಶ್ನೆ ಕೇಳುವಾಗ ಕೊನೆಗೆ ದನಿ ಏರಿಸೋದು ನಮ್ಮ ಅಭ್ಯಾಸ. ಇಲ್ಲಿ ಹಾಗೆ ಮಾಡಿದರೆ ಪದವೇ ಬದಲಾಗಿಬಿಡುತ್ತೆ. ಇದಕ್ಕೆ ಯಾವ ವರ್ಗಾಕ್ಷರವೂ ಸಹಾಯಕ್ಕೆ ಬರೋದಿಲ್ಲ.

ಅಂದ ಹಾಗೆ, ಆಫೀಸಿನ ಒಬ್ಬ ಮ್ಯಾನೇಜರಮ್ಮ ಮಾನೀ, ಮಾನ, ಪಿತಿ ಅನ್ನೋ ಮಕ್ಕಳ ಪಾಠದ ಪುಸ್ತಕ ಕೊಟ್ಟಿದ್ದಾರೆ. 1978ರಿಂದ 1994ರವರೆಗೆ ಇಲ್ಲಿಯ ಶಾಲೆಗಳಲ್ಲಿ ಇದೇ ಪಠ್ಯ. ಪಿತಿಯ ಕುದುರೆ ಸಾಯೋ ಪಾಠ ಓದ್ತಾ ಇದೀನಿ ಅಂದೆ, ಐವತ್ತರ ಹತ್ತಿರದ ಆ ಮ್ಯಾನೇಜರಮ್ಮ ಕಣ್ಣೊರೆಸಿಕೊಂಡರು.

ಅಮ್ಮನಿಗೆ ಇದನ್ನು ಹೇಳಿ: ಸಸ್ಯಾಹಾರಕ್ಕೆ ಇಲ್ಲಿ ‘ಮಂಗ್ಸವಿರಟ್’ ಅಂತಾರೆ, ಮಾಂಸವಿರತಿ. ಹಳದಿ ಬಾವುಟದ ಮೇಲೆ ಕೆಂಪಗೆ ‘ಚೇ’ ಅಂತ ಬರೆದ ಅಂಗಡಿಯಾದರೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ವಾರಕ್ಕೆ ನಾಲ್ಕು ದಿನ ಊಟ ಅಲ್ಲೇ. ಚಿಂತೆ ಬೇಡ.

ನವೆಂಬರಿನಲ್ಲಿ ಬರುವಾಗ ನಿಮಗೂ ಒಂದು ಚಾರ್ಟ್ ತರ್ತೀನಿ. ಪಡಸಾಲೆಯ ಕ್ಯಾಲೆಂಡರ್ ಪಕ್ಕ ಜಾಗ ಬಿಟ್ಟಿರಿ. ಆಫೀಸಿನಲ್ಲಿ ನನ್ನ ಮೇಜಿನ ಮೇಲೆ ಥಾಯ್ ಅಕ್ಷರದಲ್ಲಿ ಹೆಸರಿನ ಫಲಕ ಇಟ್ಟಿದ್ದಾರೆ. ‘ಗ’ ಅಲ್ಲ, ಸರಿಯಾಗಿ ಗಂಟೆಯ ಚಿತ್ರದ ‘ಘ’ನೇ ಹಾಕಿದ್ದಾರೆ. ಕರೆಯೋದು ಮಾತ್ರ ರಖು.

ನಿಮ್ಮ ಮಗ,
ರಘು