ಬಚ್ಚಲ ಗಾಳಿಕಿಂಡಿ: ಮಗಳಿಗೊಂದು ಪತ್ರ

ಚಿತ್ರದುರ್ಗ

ಪ್ರೀತಿಯ ಪುಟ್ಟಿ,

ಬಾಣಂತನ ಮುಗಿಸಿ ನಿನ್ನನ್ನೂ ಮಗುವನ್ನೂ ದಾವಣಗೆರೆಗೆ ಬಿಟ್ಟು ಬಂದ ರಾತ್ರಿಯೇ ಫೋನ್ ಮಾಡಿ, "ಬಚ್ಚಲ ಗಾಳಿಕಿಂಡಿಗೆ ಸಿಕ್ಕಿಸಿರುವ ಥರ್ಮಾಕೋಲ್ ಈಗಲೇ ತೆಗಿ" ಅಂದಿದ್ದೆ. ನೀನು ತೆಗೆದೆ. ಆಮೇಲೆ "ಅದಕ್ಯಾಕೆ ಅಪ್ಪಾಜಿ ಅಷ್ಟು ಗಾಬರಿ?" ಅಂತ ಕೇಳಿದೆ. ನಾನು ಮಾತು ಮರೆಸಿಬಿಟ್ಟೆ. ಹೇಳೋಕೆ ಬಾಯಿ ಬರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದೆ ಜನವರಿಯಲ್ಲಿ ಅಮ್ಮನಿಗೆ ತಲೆಸುತ್ತು ಬಂದಿತ್ತು ಅಂದಿದ್ದೆವಲ್ಲ, ಅದು ಬರೀ ತಲೆಸುತ್ತಲ್ಲ. ನಿನಗೆ ಪರೀಕ್ಷೆ ಇತ್ತು, ಅದಕ್ಕೆ ಮುಚ್ಚಿಟ್ಟೆವು. ಆ ವರ್ಷ ಬೆಳಗಿನ ಗಾಳಿ ಜೋರಾಗಿತ್ತು. ಅಮ್ಮನಿಗೆ ಸ್ನಾನಕ್ಕೆ ಚಳಿಯಾಗುತ್ತೆ ಅಂತ ಗಾಳಿಕಿಂಡಿಗೆ ರಟ್ಟು ಬಡಿದವನು ನಾನೇ. ಗ್ಯಾಸ್ ಗೀಸರ್ ಒಳಗೇ ಇತ್ತು. ಹತ್ತು ನಿಮಿಷಕ್ಕೆ ಚೊಂಬು ಬಿದ್ದ ಸದ್ದು ಕೇಳಿತು. ಕೂಗಿದರೆ ಉತ್ತರವಿಲ್ಲ. ಬಾಗಿಲು ಒದ್ದು ಚಿಲಕ ಮುರಿದು, ಅಂಗಳಕ್ಕೆ ಎತ್ತಿಕೊಂಡು ಬಂದೆ. ಆಸ್ಪತ್ರೆಯಲ್ಲಿ ಇಡೀ ದಿನ ಆಮ್ಲಜನಕ ಕೊಟ್ಟರು. ಐದು ನಿಮಿಷ ತಡವಾಗಿದ್ದರೆ ಅನ್ನುವುದನ್ನು ನಾನು ಈಗಲೂ ಯೋಚಿಸುವುದಿಲ್ಲ.

ಮುಚ್ಚಿದ ಕೋಣೆಯಲ್ಲಿ ಬೆಂಕಿಗೆ ಸಾಕಷ್ಟು ಗಾಳಿ ಸಿಗದಿದ್ದರೆ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ಹುಟ್ಟುತ್ತದೆ. ಸಿಲಿಂಡರ್ ಸೋರಿದರೆ ಮೂಗಿಗೆ ಗೊತ್ತಾಗುತ್ತದೆ, ಯಾಕೆಂದರೆ ಅದಕ್ಕೆ ಬೇಕಂತಲೇ ವಾಸನೆ ಸೇರಿಸಿರುತ್ತಾರೆ. ಈ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದಲ್ಲಿ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ವಾಂತಿ ಬಂದ ಹಾಗೆ. ಆಮೇಲೆ ಏಳೋಕೂ ಶಕ್ತಿ ಇರುವುದಿಲ್ಲ. ಹಸುಗೂಸಿಗಂತೂ ಇನ್ನೂ ಬೇಗ ತಾಗುತ್ತದೆ.

ನಿಮ್ಮ ಬಚ್ಚಲ ಒಳಗಿರುವ ಗ್ಯಾಸ್ ಗೀಸರನ್ನು ಹೊರಗಿನ ಗೋಡೆಗೆ ಹಾಕಿಸಲೇಬೇಕು. ಅಲ್ಲಿಯವರೆಗೆ ಬಾಗಿಲು ತೆರೆದಿಟ್ಟೇ ಬಕೆಟ್ ತುಂಬಿಸು, ಗೀಸರ್ ಆರಿಸು, ಒಂದಷ್ಟು ಹೊತ್ತು ಗಾಳಿ ಆಡಲಿ, ಆಮೇಲೆ ಸ್ನಾನ. ಮಗುವಿನ ನೀರು ಅಡುಗೆಮನೆಯಲ್ಲೇ ಕಾಯಿಸು. ಉರಿ ನೀಲಿಯಾಗಿರಬೇಕು. ಹಳದಿ ಕಂಡರೆ ಬಳಸಬೇಡ, ರಿಪೇರಿಯವರನ್ನು ಕರೆಸು.

ಮಗುವಿಗೆ ಲೋಬಾನ ಹಾಕೋಕೆ ಕೆಂಡ ಇಡುತ್ತೀರಲ್ಲ, ಅದರಿಂದಲೂ ಇದೇ ಗಾಳಿ ಬರುತ್ತದೆ. ಅಜ್ಜಿ ಕಾಲದ ಮಾಳಿಗೆ ಮನೆಗೆ ಮೇಲೆ ಬೆಳಕಿಂಡಿ ಇತ್ತು, ಹೊಗೆ ಎದ್ದು ಹೋಗುತ್ತಿತ್ತು. ನಿಮ್ಮ ಆರ್‌ಸಿಸಿ ಮನೆಗೆ ಅದೆಲ್ಲಿ? ರಾತ್ರಿ ಕೆಂಡ ಕೋಣೆಯಲ್ಲಿ ಬಿಟ್ಟು ಮಲಗಲೇಬೇಡಿ. ನಮ್ಮ ಕಡೆ ಚಳಿ ಅಂದರೆ ಬೆಳಗಿನ ಜಾವ ಸುಮಾರು 15-16 ಡಿಗ್ರಿ. ಅಷ್ಟಕ್ಕೆ ಒಂದು ಕುಲಾವಿ, ಒಂದು ಹೊದಿಕೆ ಸಾಕು.

ಉಳಿದದ್ದು ನಿಧಾನಕ್ಕೆ ಮಾಡಿದರೂ ನಡೆಯುತ್ತದೆ. ಅಕ್ಟೋಬರ್ ಮಳೆಗೆ ತಾರಸಿ ಎಲ್ಲಿ ಸೋರಿತು ಅಂತ ಒದ್ದೆ ಗುರುತು ಇರುವಾಗಲೇ ಸೀಮೆಸುಣ್ಣದಲ್ಲಿ ಗೆರೆ ಎಳೆದಿಡು. ಒಣಗಿದ ಮೇಲೆ ಜಾಗ ಸಿಗುವುದಿಲ್ಲ. ಆದರೆ ಬಿರುಕು ತುಂಬಿಸುವುದು ಮಾತ್ರ ಚೆನ್ನಾಗಿ ಬಿಸಿಲು ಕಂಡ ಮೇಲೆ, ಒದ್ದೆಯಲ್ಲಿ ಬಳಿದದ್ದು ಎದ್ದು ಬರುತ್ತದೆ. ನೀರು ಹೋಗುವ ಪೈಪಿನ ಬಾಯಲ್ಲಿ ಒಂದು ಅರಳಿ ಸಸಿ ನೋಡಿದೆ. ಈಗ ಬೆರಳಲ್ಲಿ ಕೀಳಬಹುದು, ಮುಂದಿನ ವರ್ಷ ಗೋಡೆಯನ್ನೇ ಸೀಳುತ್ತದೆ.

ಮುಂಬಾಗಿಲು ಬಿಗಿಯಾಗಿದೆ, ಬಡಗಿಯನ್ನು ಕರೆಸಿ ಕೀಸಿಸುತ್ತೇವೆ ಅಂದಿದ್ರಿ. ಬೇಡ. ಅದು ಮಳೆಗೆ ಉಬ್ಬಿದೆ ಅಷ್ಟೇ. ಡಿಸೆಂಬರ್ ಒಣ ಗಾಳಿಗೆ ತಾನೇ ಕುಗ್ಗುತ್ತದೆ. ಈಗ ಕೀಸಿದರೆ ಆಗ ಸಂದು ಬಿಟ್ಟು ಚಳಿ ನುಗ್ಗುತ್ತದೆ.

ಇನ್ನೊಂದು ಮಾತು. ಮಗುವನ್ನು ದಕ್ಷಿಣದ ಕೋಣೆಗೆ ಬದಲಾಯಿಸು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಆ ಕಿಟಕಿಯಿಂದ ಬಿಸಿಲು ಹಾಸಿಗೆವರೆಗೂ ಬರುತ್ತದೆ. ಗೋಡೆಯ ಥಂಡಿಯೂ ಆರುತ್ತದೆ.

ಬರುವ ಭಾನುವಾರ ಬೆಳಗ್ಗೆಯೇ ಬರುತ್ತೇನೆ. ಅಳಿಯಂದಿರಿಗೆ ಪ್ಲಂಬರ್‌ಗೆ ಹೇಳಿಡೋಕೆ ಹೇಳು, ನಾನೇ ನಿಂತು ಗೀಸರ್ ಹೊರಗೆ ಹಾಕಿಸುತ್ತೇನೆ. ಅಮ್ಮ ಚಳ್ಳಕೆರೆಯ ಕಂಬಳಿ ತೆಗೆದು ಎರಡು ದಿನದಿಂದ ಬಿಸಿಲಿಗೆ ಹಾಕಿದ್ದಾಳೆ. ನೀನು ಹುಟ್ಟಿದಾಗ ಹೊದಿಸಿದ್ದೇ ಅದು. ಬೇವಿನ ಸೊಪ್ಪಿನ ವಾಸನೆ ಇನ್ನೂ ಹೋಗಿಲ್ಲ. ತರುತ್ತೇನೆ.

ನಿನ್ನ
ಅಪ್ಪಾಜಿ