ಚಿತ್ರದ ಬಣ್ಣ ಬದಲಾಗಿದೆ, ಗಾಬರಿ ಆಗ್ಬೇಡಿ

ಎಲ್ಲರಿಗೂ ನಮಸ್ಕಾರ,

ನಮ್ಮ ಹತ್ರ ಆಯಿಲ್ ಪೇಂಟಿಂಗ್ ಬರೆಸಿಕೊಂಡಿರೋರಿಗೆ, ಈಗ ಆರ್ಡರ್ ಕೊಟ್ಟು ಕಾಯ್ತಿರೋರಿಗೆ ಒಂದು ವಿಷಯ ಹೇಳ್ಬೇಕಿತ್ತು. ಇನ್ಮೇಲೆ ನಮ್ಮ ಯೇಸು, ಮರಿಯ, ಸಂತರ ಚಿತ್ರಗಳು ಮೊದಲಿನಷ್ಟು ಕಂದು ಕಂದಾಗಿ ಇರಲ್ಲ. ನಾವು ಬರೆಯೋದು ಹಳೇ ಪ್ರಸಿದ್ಧ ಚಿತ್ರಗಳ ಕಾಪಿ ಅಲ್ವಾ, ಆ ಮೂಲ ಚಿತ್ರವನ್ನ ಮ್ಯೂಸಿಯಂನೋರು ಕ್ಲೀನ್ ಮಾಡಿದ್ರೆ, ಕ್ಲೀನ್ ಆದ್ಮೇಲೆ ಹೇಗೆ ಕಾಣುತ್ತೋ ಹಾಗೇ ಬರೀತೀವಿ. ಅದ್ರಿಂದ ಡೆಲಿವರಿನೂ ಸ್ವಲ್ಪ ತಡ ಆಗುತ್ತೆ, ಯಾಕೆ ಅಂತ ಕೆಳಗೆ ಹೇಳ್ತೀನಿ.

ಇಷ್ಟು ದಿನ ನಾವು ಹಳೇ ಪ್ರಿಂಟ್‌ಗಳನ್ನ ಮುಂದೆ ಇಟ್ಕೊಂಡೇ ಬರೀತಿದ್ವಿ. ಅದರಲ್ಲಿರೋ ಹಳದಿ ಮಬ್ಬು ಕಲಾವಿದರು ಹಾಕಿದ್ದಲ್ಲ, ಮೇಲಿನ ವಾರ್ನಿಶ್‌ದು, ಮರದ ಅಂಟಿಂದ ಮಾಡಿದ ಹಳೇ ವಾರ್ನಿಶ್ ವರ್ಷ ಕಳೆದ ಹಾಗೆ ಹಳದಿ ತಿರುಗುತ್ತೆ, ಅದರ ಮೇಲೆ ನೂರಾರು ವರ್ಷದ ಮೇಣದಬತ್ತಿ ಹೊಗೆ, ಧೂಳು, ನಾವು ಆ ಕೊಳೆನೂ ಸೇರಿಸಿ ಬಹಳ ಶ್ರದ್ಧೆಯಿಂದ ಕಾಪಿ ಮಾಡ್ತಿದ್ವಿ! ಅಂಬರ್ ಅನ್ನೋ ಕಂದು ಬಣ್ಣದ ಟ್ಯೂಬ್‌ಗಳು ಖಾಲಿ ಆಗ್ತಿದ್ದ ಸ್ಪೀಡ್ ನೆನೆಸಿಕೊಂಡ್ರೆ ಈಗ ನಗು ಬರುತ್ತೆ.

ಗೊತ್ತಾಗಿದ್ದು ಹೇಗೆ ಅಂದ್ರೆ, ಗ್ರಾಹಕರೊಬ್ಬರು ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ ಹೋಗಿ ಲಿಯೊನಾರ್ಡೊ ಡ ವಿಂಚಿಯ 'ವರ್ಜಿನ್ ಆಫ್ ದಿ ರಾಕ್ಸ್' ನೋಡ್ಕೊಂಡು ಬಂದ್ರು. ಅಲ್ಲಿ ಮರಿಯಳ ಬಟ್ಟೆ ನೀಲಿ ಇದೆ, ನೀವು ಕಳಿಸಿದ್ದರಲ್ಲಿ ಪಾಚಿ ಬಣ್ಣ ಯಾಕೆ ಅಂತ ಕೇಳಿದ್ರು. ಉತ್ತರ ಕೊಡೋಕೆ ನಮಗೇ ಎರಡು ದಿನ ಬೇಕಾಯ್ತು. ನೀಲಿ ಮೇಲೆ ಹಳದಿ ಪೊರೆ ಬಿದ್ರೆ ಹಸಿರೇ ಕಾಣೋದು, ಅಷ್ಟೇ ವಿಷಯ. ಅವರಿಗೆ ಹೊಸದಾಗಿ ಬರೆದು ಕೊಟ್ವಿ.

ಆಮೇಲೆ ನಮ್ಮ ಹಳೇ ಕೆಲಸ ಎಲ್ಲಾ ತೆಗೆದು ನೋಡಿದ್ರೆ ಇನ್ನೊಂದು ತಮಾಷೆ. ಬೆಲ್ಜಿಯಂನ ಘೆಂಟ್ ಊರಿನ ಕೆಥೆಡ್ರಲ್‌ನಲ್ಲಿ ವ್ಯಾನ್ ಐಕ್ ಅನ್ನೋ ಚಿತ್ರಕಾರ ಅಣ್ಣತಮ್ಮಂದಿರ ದೊಡ್ಡ ಬಲಿಪೀಠದ ಚಿತ್ರ ಇದೆಯಲ್ಲ, 1432ರದ್ದು, ಅದರ ಮಧ್ಯದಲ್ಲಿ ಯೇಸುವಿನ ಸಂಕೇತವಾಗಿರೋ ಕುರಿಮರಿ ಮೇಲೆ ನಂತರದ ಕಾಲದೋರು ಬೇರೆ ಮುಖ ಬರೆದುಬಿಟ್ಟಿದ್ರು. 1950ರ ಸುಮಾರಿಗೆ ಅರ್ಧಂಬರ್ಧ ಕ್ಲೀನ್ ಮಾಡಿದಾಗ ಮೂಲದ ಕಿವಿಗಳೂ ಕಾಣಿಸಿಕೊಂಡು ಕುರಿಗೆ ಒಟ್ಟು ನಾಲ್ಕು ಕಿವಿ ಆಗಿತ್ತು. ನಾವು ಕಳಿಸಿದ ಕಾಪಿಯಲ್ಲೂ ನಾಲ್ಕೇ ಇದೆ, ಬರೆದ ನಮಗೂ ಗೊತ್ತಾಗಿಲ್ಲ, ತಗೊಂಡೋರಿಗೂ ಗೊತ್ತಾಗಿಲ್ಲ. ಈಗ ಮೇಲಿನ ಬಣ್ಣ ತೆಗೆದಿದ್ದಾರೆ, ಕುರಿ ಮನುಷ್ಯರ ಥರ ಎರಡೂ ಕಣ್ಣಿಂದ ನೇರ ನಮ್ಮನ್ನೇ ನೋಡುತ್ತೆ. ಕೆಲವರಿಗೆ ಅದು ಹಿಡಿಸಲ್ಲ, ನನಗಂತೂ ಇದೇ ಇಷ್ಟ.

ಹಾಗಂತ ಎಲ್ಲಾನೂ ಬ್ರೈಟ್ ಮಾಡಿಬಿಡ್ತೀವಿ ಅಂತಲ್ಲ. ಇಟಲಿಯ ಚಿತ್ರಕಾರ ಕಾರವಾಜ್ಜೊನ ಚಿತ್ರಗಳಲ್ಲಿರೋ ಕತ್ತಲೆ ಕೊಳೆಯಲ್ಲ, ಅದು ಅವನು ಬೇಕು ಅಂತಲೇ ಇಟ್ಟಿದ್ದು, ಅವನ 'ಮತ್ತಾಯನ ಕರೆ' ಚಿತ್ರದಲ್ಲಿ ಆ ಕತ್ತಲೆ ತೆಗೆದ್ರೆ ಬೆಳಕಿಗೆ ಏನು ಬೆಲೆ. 'ವರ್ಜಿನ್ ಆಫ್ ದಿ ರಾಕ್ಸ್' ಎರಡಿವೆ, ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿರೋದು ಇನ್ನೂ ಹಳೇ ವಾರ್ನಿಶ್ ಕೆಳಗೇ ಇದೆ, ಅದನ್ನ ಕೇಳಿದ್ರೆ ಇರೋ ಹಾಗೇ ಬರೀತೀವಿ, ಒಳಗೆ ಹೇಗಿರಬಹುದು ಅಂತ ಊಹೆ ಮಾಡಲ್ಲ. ಮಾಸಿಹೋದ ಕೆಂಪು, ಕಂದಾಗಿರೋ ಹಸಿರು, ಇವನ್ನೂ ನಾವಾಗಿ ಸರಿ ಮಾಡೋಕೆ ಹೋಗಲ್ಲ.

ಈಗ ತಡದ ವಿಷಯ. ಎಣ್ಣೆ ಬಣ್ಣ ನೀರಿನ ಥರ ಆವಿಯಾಗಿ ಒಣಗಲ್ಲ, ಗಾಳಿಯಲ್ಲಿರೋ ಆಕ್ಸಿಜನ್ ಹೀರಿಕೊಂಡು ಗಟ್ಟಿ ಆಗುತ್ತೆ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುತ್ತೆ, ಅದಕ್ಕೇ ಬೇಗ ಒಣಗುತ್ತೆ, ನಮ್ಮ ಹಳೇ ಕಂದು ಚಿತ್ರಗಳು ಬೇಗ ರೆಡಿ ಆಗ್ತಿದ್ದ ಗುಟ್ಟು ಅದೇ. ಈಗ ಅಂಬರ್ ಕಮ್ಮಿ, ಟೈಟಾನಿಯಂ ಬಿಳಿ, ಅಲ್ಟ್ರಾಮರೀನ್ ನೀಲಿ ಜಾಸ್ತಿ, ಇವು ನಿಧಾನ. ಒಂದು ಪದರ ಹಸಿ ಇರುವಾಗ ಮೇಲೆ ಇನ್ನೊಂದು ಎಳೆದ್ರೆ ಮುಂದೆ ಬಿರುಕು ಬಿಡಬಹುದು. ಹಾಗಾಗಿ ಮೊದಲು ಹೇಳಿದ್ದಕ್ಕಿಂತ ಮೂರು ನಾಲ್ಕು ವಾರ ಜಾಸ್ತಿ ಹಿಡ್ಕೊಳ್ಳಿ. ಕೊನೆಯ ವಾರ್ನಿಶ್ ಕನಿಷ್ಠ ಆರು ತಿಂಗಳು ಆದ್ಮೇಲೇ, ಅಲ್ಲಿವರೆಗೆ ತಾತ್ಕಾಲಿಕ ತೆಳು ಕೋಟ್ ಇರುತ್ತೆ. ಬಟ್ಟೆ ಸುತ್ತಿ ಕಪಾಟಿನಲ್ಲಿ ಮಾತ್ರ ಇಡ್ಬೇಡಿ, ಲಿನ್‌ಸೀಡ್ ಎಣ್ಣೆ ಕತ್ತಲಲ್ಲಿ ಹಳದಿ ಆಗುತ್ತೆ, ಹಾಗಂತ ನೇರ ಬಿಸಿಲಿಗೂ ಬೇಡ.

ಹಳೇ ಬಣ್ಣನೇ ಬೇಕು, ಚಿಕ್ಕ ವಯಸ್ಸಿಂದ ಗೋಡೆ ಮೇಲೆ ನೋಡಿರೋದು ಅದೇ ಅನ್ನೋರು ಇದ್ದಾರೆ, ಅದು ತಪ್ಪೇನಲ್ಲ. ಅಂಥೋರಿಗೆ ಚಿತ್ರ ಹೊಸ ರೀತಿಯಲ್ಲೇ ಬರೆದು, ಮೇಲೆ ಬಣ್ಣದ ವಾರ್ನಿಶ್ ಹಾಕಿ ಹಳದಿ ಛಾಯೆ ಕೊಡ್ತೀವಿ. ಮುಂದೆ ಮನಸ್ಸು ಬದಲಾದ್ರೆ ಆ ಪದರ ತೆಗೆಸಬಹುದು. ಈಗಾಗಲೇ ಶುರುವಾಗಿರೋ ಆರ್ಡರ್‌ನೋರು ದಯವಿಟ್ಟು ಈ ವಾರದೊಳಗೆ ತಿಳಿಸಿ.

'ಕೊನೆಯ ರಾತ್ರಿ ಭೋಜನ' ಆರ್ಡರ್ ಮಾಡಿರೋರಿಗೆ ಇನ್ನೊಂದು ಪ್ರಶ್ನೆ ಇದೆ. ಲಿಯೊನಾರ್ಡೊ ಮಿಲಾನ್‌ನಲ್ಲಿ ಗೋಡೆ ಮೇಲೆ ಬರೆದ ಮೂಲದಲ್ಲಿ ಯೇಸುವಿನ ಪಾದ ಇಲ್ಲ, 1652ರಲ್ಲಿ ಆ ಗೋಡೆಯಲ್ಲಿ ಬಾಗಿಲು ಕೊರೆದಾಗ ಹೋಯ್ತು, 1999ಕ್ಕೆ ಮುಗಿದ ರಿಪೇರಿಯಲ್ಲೂ ಅದು ವಾಪಸ್ ಬರೋ ಹಾಗಿರ್ಲಿಲ್ಲ. ಆದ್ರೆ ಲಿಯೊನಾರ್ಡೊನ ಶಿಷ್ಯ ಜಾಂಪಿಯೆತ್ರಿನೊ 1520ರ ಸುಮಾರಿಗೆ ಬರೆದ ಕಾಪಿಯಲ್ಲಿ ಪಾದನೂ ಇದೆ, ಯೂದನ ಕೈ ಹತ್ರ ಉರುಳಿರೋ ಉಪ್ಪಿನ ಬಟ್ಟಲೂ ಇದೆ. ನಿಮಗೆ ಪಾದ ಬೇಕಾ, ಬಾಗಿಲು ಬೇಕಾ ಅಂತ ಒಂದು ಸಾಲು ಬರೆದು ಕಳಿಸಿ, ಅಲ್ಲಿವರೆಗೆ ಕ್ಯಾನ್ವಾಸ್‌ನ ಆ ಜಾಗ ಖಾಲಿ ಬಿಟ್ಟಿರ್ತೀವಿ.